ಯಮನೂರು ಮೂಕವಾಗಿರಲಿಲ್ಲ

‘ಧ್ವನಿ ಇಲ್ಲದವರಿಗೆ ಧ್ವನಿಯಾಗುತ್ತೇವೆ’ ಎಂಬ ಮಾತು ಈಗ ಬಹಳ ಕಡೆ ಕೇಳಿಬರುತ್ತದೆ. ಚುನಾವಣೆಗೆ ನಿಂತವರು ಹೇಳುತ್ತಾರೆ, ಹೊಸ ಪತ್ರಿಕೆ ತೆಗೆದವರು ಮೊದಲ ಸಂಚಿಕೆಯಲ್ಲೇ ಬರೆಯುತ್ತಾರೆ, ಸಂಘಟನೆಗಳ ಕರಪತ್ರದಲ್ಲಿ ಅಚ್ಚಾಗುತ್ತದೆ, ಸಾಹಿತಿಗಳ ಸನ್ಮಾನಪತ್ರದಲ್ಲೂ ಬರುತ್ತದೆ. ಹೇಳುವವರ ಮನಸ್ಸು ಬಹಳ ಸಲ ಒಳ್ಳೆಯದೇ ಇರುತ್ತದೆ. ಆದರೆ ಒಳ್ಳೆಯ ಮನಸ್ಸಿನಿಂದ ಆಡಿದ ಮಾತೂ ಕೆಟ್ಟ ಕೆಲಸ ಮಾಡಬಲ್ಲದು. ಈ ಮಾತಿನೊಳಗೆ ಒಂದು ತೀರ್ಪು ಅಡಗಿ ಕೂತಿದೆ: ಎದುರಿಗಿರುವವರಿಗೆ ದನಿಯೇ ಇಲ್ಲ, ಕೊರತೆ ಅವರದು. ಆ ತೀರ್ಪನ್ನು ಒರೆಗೆ ಹಚ್ಚಿ ನೋಡಲು ಧಾರವಾಡ ಜಿಲ್ಲೆಯ ಯಮನೂರಿಗಿಂತ ತಕ್ಕ ಊರು ನನಗೆ ಗೊತ್ತಿಲ್ಲ.

ನವಲಗುಂದ ತಾಲ್ಲೂಕಿನಲ್ಲಿ, ಬೆಣ್ಣಿಹಳ್ಳದ ದಂಡೆಯ ಮೇಲೆ ಇರುವ ಊರು ಅದು. ಸುತ್ತಲೂ ಎರೆಹೊಲ. ಹೆಸರು, ಹತ್ತಿ, ಕಡಲೆ, ಜೋಳ, ಉಳ್ಳಾಗಡ್ಡಿ. ಮಳೆ ಹೆಚ್ಚಾದರೆ ಬೆಣ್ಣಿಹಳ್ಳ ಹೊಲದೊಳಗೆ ನುಗ್ಗುತ್ತದೆ, ಮಳೆ ಕೈಕೊಟ್ಟರೆ ಮಲಪ್ರಭೆಯ ಕಾಲುವೆಯ ಕಡೆ ಕಣ್ಣು. ಆ ಕಾಲುವೆಗೆ ನೀರು ಸಾಲದೆಂದೇ ಕಳಸಾ-ಬಂಡೂರಿ ನಾಲೆಗಳ ಮೂಲಕ ಮಹದಾಯಿಯ ನೀರನ್ನು ಮಲಪ್ರಭೆಗೆ ತಿರುಗಿಸಬೇಕೆಂಬ ಬೇಡಿಕೆ ಹುಟ್ಟಿದ್ದು. 2015ರ ಜುಲೈಯಿಂದ ನೆರೆಯ ನರಗುಂದದಲ್ಲಿ ರೈತರು ಧರಣಿ ಕೂತರು. ಮಳೆಗಾಲ, ಚಳಿಗಾಲ, ಬೇಸಿಗೆ ಅನ್ನದೆ ಕೂತರು. ಕರ್ನಾಟಕ ಕೇಳಿದ್ದು ಮಧ್ಯಂತರವಾಗಿ 7.56 ಟಿಎಂಸಿ ನೀರು. 2016ರ ಜುಲೈ 27ರಂದು ನ್ಯಾಯಮೂರ್ತಿ ಜೆ.ಎಂ. ಪಾಂಚಾಲ್ ಅವರ ನೇತೃತ್ವದ ಮಹದಾಯಿ ಜಲವಿವಾದ ನ್ಯಾಯಮಂಡಳಿ ಆ ಅರ್ಜಿಯನ್ನು ತಳ್ಳಿಹಾಕಿತು. ನವಲಗುಂದದಲ್ಲಿ ಸಿಟ್ಟು ಕಟ್ಟೆಯೊಡೆಯಿತು. ಸರ್ಕಾರಿ ಕಚೇರಿಗಳ ಮೇಲೆ ಕಲ್ಲು ಬಿತ್ತು, ಬೆಂಕಿ ಬಿತ್ತು. ಅದರ ಬೆನ್ನಿಗೇ ಪೊಲೀಸರು ಯಮನೂರಿಗೆ ನುಗ್ಗಿದರು. ಓಣಿಯಲ್ಲಿ ಸಿಕ್ಕವರನ್ನು ಹೊಡೆದರು, ಮನೆಯೊಳಗಿದ್ದವರನ್ನು ಹೊರಗೆಳೆದು ಹೊಡೆದರು. ಹೆಂಗಸರು ತಪ್ಪಿಸಿಕೊಳ್ಳಲಿಲ್ಲ, ಮುದುಕರೂ ತಪ್ಪಿಸಿಕೊಳ್ಳಲಿಲ್ಲ. ಲಾಠಿ ಬೀಸುವ ಆ ದೃಶ್ಯಗಳನ್ನು ನಾಡೆಲ್ಲ ಟಿವಿಯಲ್ಲಿ ನೋಡಿತು. ಜುಲೈ 30ರಂದು ಕರ್ನಾಟಕ ಬಂದ್ ಆಯಿತು. ಸರ್ಕಾರ ತನಿಖೆಗೆ ಆದೇಶಿಸಿ ಕೆಲವು ಪೊಲೀಸರನ್ನು ಅಮಾನತಿನಲ್ಲಿಟ್ಟಿತು.

ಇಂಥ ಊರಿನ ಬಗ್ಗೆ ‘ದನಿ ಇಲ್ಲದವರು’ ಎಂದು ಬರೆಯುವುದು ಸುಲಭ. ಬಡವರು, ಹಳ್ಳಿಯವರು, ಪೆಟ್ಟು ತಿಂದವರು. ಪದ ತಾನಾಗಿ ಬಂದು ಕೂರುತ್ತದೆ. ಆದರೆ ನಡೆದದ್ದನ್ನು ಇನ್ನೊಮ್ಮೆ ನೋಡಿ. ಒಂದು ವರ್ಷದ ಮೇಲೆ ಧರಣಿ ನಡೆದಿತ್ತು. ರಸ್ತೆ ತಡೆ ಆಗಿತ್ತು, ಮನವಿಗಳು ಹೋಗಿದ್ದವು, ಘೋಷಣೆ ಕೂಗಿ ಕೂಗಿ ಗಂಟಲು ಕಟ್ಟಿದ್ದವು. ಲಾಠಿ ಬಂದದ್ದು ದನಿ ಇದ್ದ ಕಡೆಗೆ. ದನಿಯೇ ಇಲ್ಲದ ಊರಿಗೆ ಪೊಲೀಸ್ ವ್ಯಾನು ಬರುವ ಕಾರಣವೇ ಇರಲಿಲ್ಲ.

ಈ ಸೀಮೆಯ ದನಿ ನಿನ್ನೆ ಮೊನ್ನೆಯದೂ ಅಲ್ಲ. ನವಿಲುತೀರ್ಥದ ಅಣೆಕಟ್ಟಿನ ನೀರು ಹೊಲಕ್ಕೆ ಸರಿಯಾಗಿ ಮುಟ್ಟುವ ಮೊದಲೇ ಅಭಿವೃದ್ಧಿ ಕರ, ನೀರಿನ ಕರ ಎಂದು ಬಾಕಿಯ ನೋಟಿಸು ಮುಟ್ಟಿದ ಕಾಲ ಒಂದಿತ್ತು. ಹತ್ತಿಯ ಬೆಲೆ ನೆಲ ಕಚ್ಚಿತ್ತು. 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ರೈತರು ತಹಶೀಲ್ದಾರ ಕಚೇರಿಗೆ ಹೋದರು. ಗೋಲಿಬಾರ್ ಆಯಿತು. ಬಸಪ್ಪ ಲಕ್ಕುಂಡಿ, ವೀರಪ್ಪ ಕಡ್ಲಿಕೊಪ್ಪ ಎಂಬ ಇಬ್ಬರು ರೈತರು ಪ್ರಾಣ ಬಿಟ್ಟರು. ಮುಖ್ಯಮಂತ್ರಿ ಗುಂಡೂರಾಯರ ಸರ್ಕಾರಕ್ಕೆ ಅಲ್ಲಿಂದಲೇ ನೆಲ ಕುಸಿಯತೊಡಗಿತು. ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. 1983ರ ಚುನಾವಣೆಯಲ್ಲಿ ಕಾಂಗ್ರೆಸ್ ರಾಜ್ಯದಲ್ಲಿ ಮೊದಲ ಬಾರಿಗೆ ಅಧಿಕಾರ ಕಳೆದುಕೊಂಡಿತು. ಒಂದು ಸರ್ಕಾರವನ್ನು ಅಲುಗಾಡಿಸಿದ ತಾಲ್ಲೂಕಿಗೆ ದನಿ ಇಲ್ಲ ಎನ್ನುವ ಪದವನ್ನು ಯಾವ ಅರ್ಥದಲ್ಲಿ ಬಳಸುತ್ತೇವೆ?

ನಮ್ಮ ಕಡೆಯ ರೈತರು ಈ ಪದವನ್ನು ತಮ್ಮ ಬಗ್ಗೆ ಬಳಸುವುದೂ ಇಲ್ಲ. ‘ನಮಗ ಧ್ವನಿ ಇಲ್ಲ’ ಎಂದು ಅಗಸಿಕಟ್ಟೆಯ ಮೇಲೆ ಕೂತ ಯಾರೂ ಅಂದದ್ದನ್ನು ನಾನು ಕೇಳಿಲ್ಲ. ಅವರು ಅನ್ನುವುದು ‘ನಮ್ಮ ಮಾತ ಯಾರ್ ಕೇಳ್ತಾರ್ರಿ?’ ಎಂದು. ಎರಡಕ್ಕೂ ಅಜಗಜಾಂತರ. ಮೊದಲನೆಯದರಲ್ಲಿ ಕೊರತೆ ಆಡುವವನದು. ಎರಡನೆಯದರಲ್ಲಿ ಮಾತು ಇದೆ, ಕೇಳುವವನು ಕಾಣೆಯಾಗಿದ್ದಾನೆ. ಸಭೆಯ ಕನ್ನಡ ರೈತನ ಕೊರತೆಯನ್ನು ಎಣಿಸುತ್ತದೆ, ಅಗಸಿಯ ಕನ್ನಡ ಸರ್ಕಾರದ ಕೊರತೆಯನ್ನು ಎಣಿಸುತ್ತದೆ.

‘ದನಿ ಇಲ್ಲದವರು’ ಎಂಬ ಜೋಡಿ ಹೊಸದು. ಅದರ ಹಿಂದೆ ಇದ್ದ ಹಳೆಯ ಪದ ಮೂಕ. ಸಂಸ್ಕೃತದಿಂದ ಬಂದದ್ದು. ತುಟಿ ಮುಚ್ಚಿಕೊಂಡಾಗ ಹೊರಡುವ ‘ಮೂ’ ಎಂಬ ಸದ್ದೇ ಅದರ ಬೇರು ಎಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಲ್ಯಾಟಿನ್ನಿನಲ್ಲಿ ಇದೇ ಅರ್ಥ ಕೊಡುವ ‘ಮೂತುಸ್’ ಕೂಡ ಅದೇ ಬೇರಿನದು. ಅಂದರೆ ಪದದ ಹುಟ್ಟಿನಲ್ಲೇ ಸದ್ದಿದೆ. ಬಾಯಿ ಮುಚ್ಚಿದೆ, ಒಳಗೆ ದನಿ ಗುಂಯ್‌ಗುಡುತ್ತಿದೆ. ಪದ ಮಾಡಿದವರ ಕಿವಿಗೆ ಮೂಕನಿಂದ ಏನೋ ಕೇಳಿಸಿತ್ತು.

ಕನ್ನಡಕ್ಕೆ ಬಂದ ಮೇಲೆ ಈ ಪದಕ್ಕೆ ಆದದ್ದು ನನಗೆ ಬಹಳ ಹಿಡಿಸಿದ ಸಂಗತಿ. ಮೂಕ ನಮ್ಮಲ್ಲಿ ಮೂಗ ಆಯಿತು. ಆಕಾಶ ಆಗಸವಾದಂತೆ ಇದು. 13ನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಇಂಥ ಬದಲಾವಣೆಗಳಿಗೆ ಒಂದು ಪ್ರಕರಣವನ್ನೇ ಇಟ್ಟಿದ್ದಾನೆ. ಸಂಸ್ಕೃತದ ಕ-ಕಾರ ಎಷ್ಟೋ ಕಡೆ ಕನ್ನಡದ ನಾಲಿಗೆಯ ಮೇಲೆ ಗ-ಕಾರವಾಗುತ್ತದೆ. ವ್ಯಾಕರಣದಲ್ಲಿ ಕ ಅಘೋಷ, ಅಂದರೆ ದನಿ ಇಲ್ಲದ್ದು. ಗ ಘೋಷ, ದನಿ ಇರುವಂಥದು. ಗಂಟಲಿನ ಮೇಲೆ ಎರಡು ಬೆರಳಿಟ್ಟು, ಸ್ವರ ಸೇರಿಸದೆ ಮೊದಲು ‘ಕ್’ ಎಂದು, ಆಮೇಲೆ ‘ಗ್’ ಎಂದು ನೋಡಬಹುದು. ಕ್ ಎಂದಾಗ ಬೆರಳಿಗೆ ಏನೂ ತಾಕುವುದಿಲ್ಲ, ಗ್ ಎಂದಾಗ ಗಂಟಲು ನಡುಗುವುದು ತಾಕುತ್ತದೆ. ದನಿ ಇಲ್ಲದವನನ್ನು ಹೆಸರಿಸುವ ಪದವೇ ಕನ್ನಡದ ಬಾಯಿಗೆ ಬೀಳುತ್ತಲೇ ತನ್ನ ದನಿಯಿಲ್ಲದ ಅಕ್ಷರವನ್ನು ಬಿಟ್ಟು ದನಿಯುಳ್ಳದ್ದನ್ನು ತೆಗೆದುಕೊಂಡಿತು. ಯಾರೂ ಬೇಕೆಂದು ಮಾಡಿದ್ದಲ್ಲ, ಉಚ್ಚಾರದ ನಿಯಮ ಅಷ್ಟೇ. ಮುಖದ ಮೇಲಿನ ಮೂಗಿಗೂ ಈ ಮೂಗನಿಗೂ ಸಂಬಂಧವಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮಕ್ಕಳು ಕೇಳುತ್ತಾರೆ, ದೊಡ್ಡವರೂ ಕೇಳುತ್ತಾರೆ.

ಮೂಗನ ಜೊತೆ ಸೇರಿ ಕನ್ನಡದಲ್ಲಿ ಹುಟ್ಟಿದ ಜೋಡಿಪದಗಳಲ್ಲಿ ಎರಡನ್ನು ತಡೆದು ನೋಡಬೇಕು. ಒಂದು ಮೂಗರ್ಜಿ. ಕಚೇರಿಗಳಲ್ಲಿ ದಿನಾ ಬಳಕೆಯಾಗುವ ಪದ: ಬರೆದವರ ಹೆಸರು, ಸಹಿ ಇಲ್ಲದ ದೂರು. ಮೂಗರ್ಜಿಯಲ್ಲಿ ಮಾತಿಗೇನೂ ಬರವಿಲ್ಲ. ಯಾವ ಗುಮಾಸ್ತ ಎಷ್ಟು ತಿಂದ, ಯಾವ ಕಾಮಗಾರಿಯಲ್ಲಿ ಸಿಮೆಂಟು ಎಷ್ಟು ಕಡಿಮೆ ಹಾಕಿದರು ಎಂಬ ವಿವರ ಪುಟಗಟ್ಟಲೆ ಇರುತ್ತದೆ. ಆದರೂ ಅದು ಮೂಗ. ಏಕೆಂದರೆ ಅದರ ಬೆನ್ನಿಗೆ ಹೆಸರಿಲ್ಲ. ಹೆಸರಿಲ್ಲದ ದೂರನ್ನು ಕಸದ ಬುಟ್ಟಿಗೆ ಹಾಕಲು ನಿಯಮವೂ ಇದೆ. ಕೇಂದ್ರ ಜಾಗೃತ ಆಯೋಗ 1999ರಲ್ಲೇ ಹೆಸರಿಲ್ಲದ ದೂರುಗಳ ಮೇಲೆ ಕ್ರಮ ಬೇಡ ಎಂದು ಸೂಚನೆ ಕೊಟ್ಟಿತು. ಸುಳ್ಳು ದೂರಿನಿಂದ ಒಳ್ಳೆಯ ನೌಕರರನ್ನು ಕಾಪಾಡಲು ಅದು ಬೇಕೂ ಇರಬಹುದು. ಆದರೆ ಹೆಸರು ಹಾಕಿದರೆ ಊರಲ್ಲಿ ಬಾಳುವೆ ನಡೆಯುವುದಿಲ್ಲ ಎಂಬ ಹೆದರಿಕೆಯಿಂದಲೇ ಒಬ್ಬ ಸಹಿ ಬಿಟ್ಟಿರುತ್ತಾನೆ. ದನಿ ಇದೆ, ಅದಕ್ಕೆ ಹೊಣೆ ಹೊರುವಷ್ಟು ರಕ್ಷಣೆ ಇಲ್ಲ. ಕಚೇರಿಯ ಗುಮಾಸ್ತರು ಕೊಟ್ಟ ಈ ಹೆಸರಿನಲ್ಲಿ ಸಭೆಯ ಭಾಷಣಗಳಿಗಿಂತ ಹೆಚ್ಚಿನ ತಿಳಿವಳಿಕೆ ಇದೆ.

ಇನ್ನೊಂದು ಮೂಗೇಟು. ಚರ್ಮ ಹರಿಯದೆ, ರಕ್ತ ಹೊರಗೆ ಕಾಣದೆ ಒಳಗೇ ಕಂದಿ ನೋಯುವ ಪೆಟ್ಟು. ನಮ್ಮ ಕಡೆ ಒಳಪೆಟ್ಟು ಅಂದರೂ ಆಯಿತು. ಲಾಠಿಯ ಪೆಟ್ಟು ಬಹುಮಟ್ಟಿಗೆ ಇದೇ ಜಾತಿಯದು: ತೊಡೆ, ಬೆನ್ನು, ಹೆಗಲು. ನಾಲ್ಕು ದಿನಕ್ಕೆ ಬಾವು ಇಳಿಯುತ್ತದೆ, ಹತ್ತು ದಿನಕ್ಕೆ ಕಪ್ಪು ಹೋಗುತ್ತದೆ, ಚಳಿ ಬಿದ್ದಾಗ ಮಾತ್ರ ಎಲುಬು ನೆನಪಿಸುತ್ತದೆ. ಈ ಪೆಟ್ಟು ಮೂಗವಾದದ್ದು ತನಗೆ ನೋವಿಲ್ಲ ಎಂದಲ್ಲ, ನೋಡುವವನಿಗೆ ಸಾಕ್ಷಿ ಸಿಗುವುದಿಲ್ಲ ಎಂದು. 2016ರಲ್ಲಿ ಯಮನೂರಿನ ಪೆಟ್ಟುಗಳು ಹಾಗಾಗದೆ ಉಳಿದದ್ದು ಕ್ಯಾಮೆರಾ ಇದ್ದದ್ದರಿಂದ. ಕ್ಯಾಮೆರಾ ಊರಿಗೆ ದನಿ ಕೊಟ್ಟಿತು ಎಂದು ಇದನ್ನೇ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ದನಿ ಆ ಓಣಿಯಲ್ಲಿ ಮೊದಲೇ ಇತ್ತು, ಅಳು ಇತ್ತು, ಬೈಗುಳ ಇತ್ತು, ‘ಬಿಡ್ರೀ, ಹೊಡಿಬ್ಯಾಡ್ರೀ’ ಎಂಬ ಕೂಗು ಇತ್ತು. ಕ್ಯಾಮೆರಾ ಒದಗಿಸಿದ್ದು ದೂರದ ಊರಿನವರಿಗೆ ಕಿವಿ ಮತ್ತು ಕಣ್ಣು.

ಮೂಗ ಎಂಬುದು ಕೇಳುವವನು ಕೊಡುವ ಹೆಸರು ಎಂಬುದಕ್ಕೆ ಬೇರೆ ಭಾಷೆಗಳೂ ಸಾಕ್ಷಿ ನುಡಿಯುತ್ತವೆ. ಗ್ರೀಕರಿಗೆ ಪರಕೀಯರ ಮಾತು ‘ಬರ್ ಬರ್’ ಎಂದು ಕೇಳಿಸಿತು, ಅವರೆಲ್ಲ ಬರ್ಬರರಾದರು. ಸ್ಲಾವ್ ಭಾಷೆಗಳಲ್ಲಿ ಜರ್ಮನ್ನರಿಗೆ ಇರುವ ‘ನೇಮೆತ್ಸ್’ ಎಂಬ ಹೆಸರಿನ ಮೂಲಾರ್ಥವೇ ಮೂಗ. ತಮ್ಮ ಭಾಷೆ ಆಡದವನಿಗೆ ಮಾತೇ ಬಾರದು ಎಂದು ತೀರ್ಮಾನಿಸಿಬಿಟ್ಟರು. ನಮ್ಮಲ್ಲಿ ಮ್ಲೇಚ್ಛ ಎಂಬ ಪದವೂ ಮೊದಲಿಗೆ ಮಾತು ಸ್ಪಷ್ಟವಿಲ್ಲದವನನ್ನೇ ಸೂಚಿಸಿತು. ಶತಪಥ ಬ್ರಾಹ್ಮಣದ ಕಥೆಯಲ್ಲಿ ಅಸುರರು ಸೋಲುವುದು ಉಚ್ಚಾರ ಕೆಟ್ಟದ್ದರಿಂದ. ಕೊಲ್ಲೂರಿನ ಸ್ಥಳಪುರಾಣ ಇನ್ನೂ ತೀಕ್ಷ್ಣವಾದದ್ದು. ತಪಸ್ಸು ಮಾಡಿದ ಅಸುರ ವರ ಕೇಳುವ ಹೊತ್ತಿಗೆ ಅವನ ವಾಕ್ಕನ್ನು ಕಿತ್ತುಕೊಂಡು ಮೂಕನನ್ನಾಗಿ ಮಾಡಲಾಯಿತು. ಆ ಮೂಕಾಸುರನನ್ನು ಕೊಂದ ದೇವಿ ಮೂಕಾಂಬಿಕೆ. ಭಕ್ತಿಯಿಂದ ಓದುವವರಿಗೆ ಅದು ಲೋಕರಕ್ಷಣೆಯ ಕಥೆ, ಅದಕ್ಕೆ ನಾನು ಅಡ್ಡ ಬರುವುದಿಲ್ಲ. ಆದರೆ ಪದದ ಚರಿತ್ರೆ ಓದುವವನ ಕಣ್ಣಿಗೆ ಕಥೆಯ ಗಳಿಗೆ ಬಿದ್ದೇ ಬೀಳುತ್ತದೆ. ಅವನು ಹುಟ್ಟುಮೂಗನಲ್ಲ. ಕೇಳುವ ಗಳಿಗೆಯಲ್ಲೇ ದನಿ ಹೋಯಿತು.

ಕನ್ನಡದ ಅನುಭಾವಿಗಳು ಮೂಗನನ್ನು ಬೇರೆ ರೀತಿ ಕಂಡರು. ‘ಮೂಗ ಕಂಡ ಕನಸು’ ನಮ್ಮಲ್ಲಿ ನಾಣ್ಣುಡಿಯಂತೆ ಓಡಾಡುವ ಮಾತು, ವಚನಕಾರರೂ ಅದನ್ನು ಬಳಸಿದರು. ನಾರದ ಭಕ್ತಿಸೂತ್ರ ಪ್ರೇಮದ ಅನುಭವವನ್ನು ಮೂಗ ರುಚಿ ನೋಡಿದ್ದಕ್ಕೆ ಹೋಲಿಸುತ್ತದೆ. ಈ ಮೂಗ ಬರಿದಾದವನಲ್ಲ. ಅವನಿಗೆ ಕನಸು ಬಿದ್ದಿದೆ, ನಾಲಿಗೆಗೆ ರುಚಿ ಹತ್ತಿದೆ. ಹೇಳಲು ದಾರಿಯಿಲ್ಲ ಅಷ್ಟೇ, ಅದೂ ಅನುಭವ ಮಾತಿಗಿಂತ ದೊಡ್ಡದಾದ್ದರಿಂದ. ಇಂದಿನ ‘ದನಿ ಇಲ್ಲದವರು’ ಎಂಬ ಪದದಲ್ಲಿ ಈ ತುಂಬಿದ ಒಡಲು ಇಲ್ಲ. ಅಲ್ಲಿರುವುದು ಖಾಲಿ ಪಾತ್ರೆ. ತುಂಬುವವರು ಬೇರೆ ಊರಿನಿಂದ ಬರಬೇಕು.

ಮೂಕ ಎಂಬ ಪದವನ್ನು ರಾಜಕೀಯಕ್ಕೆ ತಂದು ಅತಿ ದೊಡ್ಡ ಕೆಲಸ ಮಾಡಿಸಿದವರು ಅಂಬೇಡ್ಕರ್. 1920ರ ಜನವರಿ 31ರಂದು ಅವರು ‘ಮೂಕನಾಯಕ’ ಎಂಬ ಮರಾಠಿ ಪಾಕ್ಷಿಕ ಹೊರತಂದರು. ಕೊಲ್ಹಾಪುರದ ಶಾಹೂ ಮಹಾರಾಜರ ನೆರವಿತ್ತು. ಪತ್ರಿಕೆಗೆ ಜಾಹೀರಾತು ಹಾಕಿಸಲು ಹೋದಾಗ, ದುಡ್ಡು ಕೊಡುತ್ತೇವೆಂದರೂ ‘ಕೇಸರಿ’ ಪತ್ರಿಕೆ ಒಪ್ಪಲಿಲ್ಲ. ಒಂದು ಸಮುದಾಯ ಮೂಕವಾಗುವುದು ಹೇಗೆ ಎಂಬುದಕ್ಕೆ ಇದಕ್ಕಿಂತ ನೇರ ಉದಾಹರಣೆ ಬೇಡ. ಅವರ ಬಳಿ ಬರಹ ಇತ್ತು, ಹಣವೂ ಇತ್ತು, ಅಚ್ಚಿನ ಜಾಗ ಮಾತ್ರ ಬೇರೆಯವರ ಕೈಯಲ್ಲಿತ್ತು. ಹಾಗಾಗಿ ಅಂಬೇಡ್ಕರರ ಬಾಯಲ್ಲಿ ‘ಮೂಕ’ ಎಂಬುದು ಕರುಣೆಯ ಪದವಾಗಿರಲಿಲ್ಲ, ಆರೋಪವಾಗಿತ್ತು. ಆ ಪದವನ್ನು ಹೊರಗಿನವರು ಅವರಿಗೆ ಅಂಟಿಸಿದ್ದಲ್ಲ, ಒಳಗಿನವರೇ ಎತ್ತಿಕೊಂಡದ್ದು. ಅಷ್ಟಾಗಿಯೂ ಅವರು ಅಲ್ಲಿಗೇ ನಿಲ್ಲಲಿಲ್ಲ. 1927ರಲ್ಲಿ ತಂದ ಪತ್ರಿಕೆಗೆ ‘ಬಹಿಷ್ಕೃತ ಭಾರತ’ ಎಂದು ಹೆಸರಿಟ್ಟರು. ಮೂಕ ಎಂಬ ಪದದಲ್ಲಿ ಕೊರತೆ ಯಾರಿಂದ ಆಯಿತು ಎಂಬುದು ಮರೆಯಲ್ಲಿರುತ್ತದೆ. ಬಹಿಷ್ಕೃತ ಎಂದ ಕೂಡಲೇ ಬಹಿಷ್ಕಾರ ಹಾಕಿದವರು ಯಾರು ಎಂಬ ಪ್ರಶ್ನೆ ಎದ್ದು ನಿಲ್ಲುತ್ತದೆ. ಆಮೇಲಿನ ಹೆಸರುಗಳು ‘ಸಮತಾ’, ‘ಜನತಾ’, ಕೊನೆಗೆ 1956ರಲ್ಲಿ ‘ಪ್ರಬುದ್ಧ ಭಾರತ’. ಈ ಸಾಲನ್ನು ಒಂದು ಸಾಹಿತ್ಯ ಕೃತಿಯಂತೆ ಓದಬಹುದು ಎಂದು ನನಗೆ ಅನಿಸುತ್ತದೆ. ಮೂಕದಿಂದ ಹೊರಟು ಪ್ರಬುದ್ಧಕ್ಕೆ ಬರುವ ದಾರಿಯಲ್ಲಿ ಅವರು ಮೊದಲು ಬಿಟ್ಟದ್ದೇ ದನಿ ಇಲ್ಲ ಎಂಬ ಪದವನ್ನು. ನೂರು ವರ್ಷ ಕಳೆದ ಮೇಲೂ ಅವರ ಹೆಸರು ಹೇಳುವ ವೇದಿಕೆಗಳು ಆ ಮೊದಲ ಮೆಟ್ಟಿಲಿನ ಮೇಲೇ ನಿಂತು ಮಾತಾಡುವುದು ಸಂಕಟದ ವಿಷಯ.

ಕನ್ನಡದಲ್ಲಿ ಮೂಕತನವನ್ನು ಎದುರಿಸಿದ ದೊಡ್ಡ ಕೃತಿ ಎಂದರೆ ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’. 1968ರದು, ಕಾರಂತರಿಗೆ ಜ್ಞಾನಪೀಠ ತಂದುಕೊಟ್ಟ ಕಾದಂಬರಿ. ಎಳವೆಯಲ್ಲೇ ಗಂಡನನ್ನು ಕಳೆದುಕೊಂಡು ಬದುಕೆಲ್ಲ ಬಾಯಿ ಕಟ್ಟಿಕೊಂಡಿದ್ದ ಮೂಕಾಂಬಿಕೆ ಎಂಬ ಅಜ್ಜಿ, ಮೊಮ್ಮಗ ಸುಬ್ಬರಾಯ ಎದುರು ಕೂತಾಗ ಮಾತಾಡುತ್ತಾಳೆ. ಕೈಗಿತ್ತ ವಸ್ತುವನ್ನು ಮುಟ್ಟಿ ಅದರ ಹಿಂದಿನ ಕಾಲವನ್ನೆಲ್ಲ ಕಾಣುತ್ತಾಳೆ. ಕಾದಂಬರಿಯ ಗೆಲುವು ಇಲ್ಲಿದೆ: ಅಜ್ಜಿಗೆ ಕಾರಂತರು ಹೊಸದಾಗಿ ದನಿ ಹುಟ್ಟಿಸಲಿಲ್ಲ, ಕೇಳುವ ಮೊಮ್ಮಗನನ್ನು ಕೂರಿಸಿದರು. ಆದರೆ ಸೋಲೂ ಅಲ್ಲೇ ಪಕ್ಕದಲ್ಲಿದೆ. ಪುಟ ಸರಿದಂತೆ ಅಜ್ಜಿಯ ಮಾತಿನಲ್ಲಿ ದೇವರು, ಧರ್ಮ, ಸಂಸ್ಕೃತಿಯ ಬೆಳವಣಿಗೆ ಇವೆಲ್ಲದರ ಬಗ್ಗೆ ಕಾರಂತರದೇ ವಿಚಾರಗಳು ತುಂಬಿಕೊಳ್ಳುತ್ತವೆ. ಎಷ್ಟೋ ಕಡೆ ಅಜ್ಜಿಯ ನಾಲಿಗೆ ಯಾವುದು, ಕಾರಂತರ ನಾಲಿಗೆ ಯಾವುದು ಎಂದು ಬಿಡಿಸುವುದು ಕಷ್ಟ. ಕಾರಂತರಂಥ ಲೇಖಕರಿಗೇ ಹೀಗಾದರೆ, ದನಿ ಕೊಡುತ್ತೇವೆಂದು ಹೊರಟ ಸಾಮಾನ್ಯರ ಕೈಯಲ್ಲಿ ಏನಾಗುತ್ತದೆ ಎಂಬುದನ್ನು ಊಹಿಸಬಹುದು. ಕೊಡುವ ದನಿ ಯಾವಾಗಲೂ ಕೊಡುವವನದೇ.

ಈ ಪದದ ವಿರುದ್ಧ ಮಾತಾಡುತ್ತಿರುವವನು ನಾನೊಬ್ಬನೇ ಅಲ್ಲ. ಅರುಂಧತಿ ರಾಯ್ 2004ರಲ್ಲಿ ಸಿಡ್ನಿ ಶಾಂತಿ ಪ್ರಶಸ್ತಿ ಪಡೆದಾಗಿನ ಭಾಷಣದಲ್ಲಿ, ದನಿ ಇಲ್ಲದವರು ಎಂಬುವರಿಲ್ಲ, ಬಾಯಿ ಮುಚ್ಚಿಸಲ್ಪಟ್ಟವರು ಮತ್ತು ಕೇಳಲು ಮನಸ್ಸಿಲ್ಲದೆ ಬದಿಗೆ ಸರಿಸಲ್ಪಟ್ಟವರು ಇದ್ದಾರೆ ಎಂಬ ಅರ್ಥದ ಮಾತಾಡಿದರು. ಅದು ಜಗತ್ತೆಲ್ಲ ಸುತ್ತಿದ ಮಾತು. ಆದರೆ ಅಷ್ಟು ದೂರ ಹೋಗದೆಯೂ ಕನ್ನಡದಲ್ಲೇ ಈ ವ್ಯತ್ಯಾಸ ತಿಳಿಯುತ್ತದೆ. ನಮ್ಮ ಕಡೆ ‘ಬಾಯಿ ಸತ್ತಾಂವ’ ಅನ್ನುತ್ತೇವೆ. ಸತ್ತದ್ದು ಎಂದರೆ ಹಿಂದೆ ಬದುಕಿದ್ದದ್ದು. ‘ಬಾಯಿ ಬಡಿದರು’ ಅನ್ನುತ್ತೇವೆ, ‘ಬಾಯಿ ಕಟ್ಟಿದರು’ ಅನ್ನುತ್ತೇವೆ. ಬಡಿದವನೂ ಕಟ್ಟಿದವನೂ ಕ್ರಿಯಾಪದದೊಳಗೇ ಸಿಕ್ಕಿಬೀಳುತ್ತಾನೆ. ‘ಸೊಲ್ಲಡಗಿತು’ ಎಂದರೆ ಸೊಲ್ಲು ಎಲ್ಲೋ ಇದೆ, ಅಡಗಿದೆ. ಇಷ್ಟು ಖಚಿತವಾದ ಪದಗಳನ್ನು ಮನೆಯಲ್ಲಿಟ್ಟುಕೊಂಡು ಹೊರಗಿನಿಂದ ಕೊರತೆಯ ಪದವನ್ನು ತಂದುಕೊಳ್ಳುವುದು ಬೇಕಿರಲಿಲ್ಲ.

ಸಾಹಿತ್ಯ ವಿಮರ್ಶೆ ಓದಿದವರಿಗಂತೂ ಇದು ಇನ್ನೂ ವಿಚಿತ್ರವಾಗಿ ಕಾಣಬೇಕು. ನಮ್ಮ ಕಾವ್ಯಮೀಮಾಂಸೆಯಲ್ಲಿ ಧ್ವನಿ ಎಂದರೆ ಕೂಗು ಅಲ್ಲ. ‘ಕವಿರಾಜಮಾರ್ಗ’ ಧ್ವನಿಯ ಹೆಸರೆತ್ತುತ್ತದೆ, ಅದೇ 9ನೆಯ ಶತಮಾನದ ಆನಂದವರ್ಧನ ‘ಧ್ವನ್ಯಾಲೋಕ’ದಲ್ಲಿ ಅದನ್ನೇ ಕಾವ್ಯದ ಆತ್ಮ ಎಂದು ಸ್ಥಾಪಿಸುತ್ತಾನೆ. ಬಾಯಿಬಿಟ್ಟು ಹೇಳದ, ಆದರೆ ಸಹೃದಯನಿಗೆ ಹೊಳೆಯುವ ಅರ್ಥ ಅದು. ಸಹೃದಯನಿಲ್ಲದೆ ಧ್ವನಿ ಇಲ್ಲ. ಹೇಳುವವನ ಸೊತ್ತಾಗಿ ಅದು ಒಂದು ಕಡೆ ಬಿದ್ದಿರುವುದಿಲ್ಲ, ಕೇಳುವವನ ತಯಾರಿಯಲ್ಲಿ ಪೂರ್ಣವಾಗುತ್ತದೆ. ಸಾವಿರ ವರ್ಷ ಇದನ್ನು ಪಾಠ ಹೇಳಿಕೊಂಡು ಬಂದ ಸಂಸ್ಕೃತಿಯಲ್ಲಿ ‘ಧ್ವನಿ ಇಲ್ಲ’ ಎಂಬ ದೂರು ಯಾರ ಮೇಲೆ ಹೋಗಬೇಕು? ಕವಿತೆ ಅರ್ಥವಾಗಲಿಲ್ಲ ಎಂದವನಿಗೆ ಮತ್ತೆ ಓದು ಎನ್ನುತ್ತೇವೆ. ಧರಣಿಯ ಡೇರೆ ಅರ್ಥವಾಗದ ಅಧಿಕಾರಿಗೂ ಅದೇ ಉತ್ತರ ಸಲ್ಲಬೇಕು.

ಪದದ ಪರವಾಗಿ ಹೇಳಬಹುದಾದದ್ದನ್ನೂ ನೋಡಬೇಕು. ನಿಜವಾಗಿಯೂ ಹೇಳಿಕೊಳ್ಳಲಾರದವರು ಇದ್ದಾರೆ: ಎಳೆಗೂಸು, ಪ್ರಜ್ಞೆ ತಪ್ಪಿ ಮಲಗಿದವರು, ಕೊಟ್ಟಿಗೆಯ ದನ. ‘ಮೂಕಪ್ರಾಣಿ ಐತಿ, ಹೊಡಿಬ್ಯಾಡೋ’ ಎಂದು ಎತ್ತಿನ ಮೇಲೆ ಬಾರುಕೋಲು ಎತ್ತಿದ ಹುಡುಗನಿಗೆ ಹಿರಿಯರು ಗದರುತ್ತಾರೆ. ಅಲ್ಲಿ ಮೂಕ ಎಂಬ ಪದ ನಮ್ಮ ಮೇಲೆ ಹೊಣೆ ಹೊರಿಸುತ್ತದೆ, ಅದಕ್ಕೆ ತೂಕವಿದೆ, ಅಲ್ಲಿ ಅದು ಇರಲಿ. ಆದರೆ ಅದೇ ಪದವನ್ನು ಮತದಾರನಿಗೆ, ಕರ ಕಟ್ಟುವವನಿಗೆ, ಮನವಿ ಬರೆದವನಿಗೆ ಹಾಕಿದಾಗ ಅವನನ್ನು ಎತ್ತಿನ ಪಕ್ಕದಲ್ಲಿ ನಿಲ್ಲಿಸಿದಂತಾಗುತ್ತದೆ. ದಯೆ ಸಿಗಬಹುದು, ಉತ್ತರ ಸಿಗುವುದಿಲ್ಲ.

ಕಿವಿ ಕೇಳದವರ ಬಗ್ಗೆ ಕೂಡ ಇಲ್ಲೇ ಒಂದು ಮಾತು. ಹಳ್ಳಿಯಲ್ಲಿ ಅವರನ್ನು ಮೂಗ, ಮೂಗಿ ಎಂದೇ ಕರೆಯುವ ರೂಢಿ ಇನ್ನೂ ಹೋಗಿಲ್ಲ. ಎಷ್ಟೋ ಜನರ ನಿಜ ಹೆಸರೇ ಊರಿಗೆ ಮರೆತುಹೋಗಿರುತ್ತದೆ. ಹುಟ್ಟಿನಿಂದ ಕಿವಿ ಕೇಳದ ಬಹಳಷ್ಟು ಜನರ ಗಂಟಲು ಸರಿಯಾಗಿಯೇ ಇರುತ್ತದೆ. ಕೇಳದ್ದರಿಂದ ಆಡುಮಾತು ಕಲಿಯಲು ಆಗಿರುವುದಿಲ್ಲ. ಸನ್ನೆಯಲ್ಲಿ ಅವರಿಗೆ ವ್ಯಾಕರಣವುಳ್ಳ ಪೂರ್ತಿ ಭಾಷೆ ಇದೆ. ಯಮನೂರಿಗೆ ಪೊಲೀಸರು ನುಗ್ಗಿದ ಅದೇ 2016ರ ಡಿಸೆಂಬರಿನಲ್ಲಿ ಸಂಸತ್ತು ಒಪ್ಪಿದ ಅಂಗವಿಕಲರ ಹಕ್ಕುಗಳ ಕಾಯ್ದೆ ಶ್ರವಣದೋಷ, ವಾಕ್ ಮತ್ತು ಭಾಷಾ ವೈಕಲ್ಯ ಎಂದು ಬೇರೆ ಬೇರೆಯಾಗಿ ಹೇಳುತ್ತದೆ, ಮೂಗ ಎಂದು ಒಟ್ಟಿಗೆ ಕಟ್ಟುವುದಿಲ್ಲ. ಹಾಗೆಯೇ ‘ಕಿವುಡು ಸರ್ಕಾರ’ ಎಂಬ ನಮ್ಮ ಘೋಷಣೆಯೂ ನ್ಯಾಯವಲ್ಲ. ಕಿವುಡರು ಕೇಳಲಾರರು. ಸರ್ಕಾರ ಕೇಳಬಲ್ಲದು, ಕೇಳುವುದಿಲ್ಲ.

ಇನ್ನು ಯಮನೂರಿನ ದೇವರ ವಿಷಯ. ಹೋಳಿ ಹುಣ್ಣಿಮೆಯ ಬಳಿಕ ಇಲ್ಲಿ ನಡೆಯುವ ಜಾತ್ರೆಗೆ ಉತ್ತರ ಕರ್ನಾಟಕದ ಮೂಲೆಮೂಲೆಯಿಂದ, ಮಹಾರಾಷ್ಟ್ರದಿಂದ ಜನ ಬರುತ್ತಾರೆ, ಬೆಣ್ಣಿಹಳ್ಳದಲ್ಲಿ ಮೀಯುತ್ತಾರೆ. ಗದ್ದುಗೆಯ ಮೇಲಿರುವವನು ಹಿಂದೂಗಳಿಗೆ ಚಾಂಗದೇವ, ಮುಸ್ಲಿಮರಿಗೆ ರಾಜಾಬಾಗಸವಾರ, ಅಂದರೆ ಹುಲಿಯ ಮೇಲೆ ಸವಾರಿ ಮಾಡಿದವನು. ಒಬ್ಬನೇ ದೇವರು ಎರಡು ಹೆಸರಿಗೂ ಓಗೊಡುತ್ತಾನೆ. ಮರಾಠಿ ಸಂತರ ಕಥೆಗಳಲ್ಲಿ ಬರುವ ಚಾಂಗದೇವನೂ ಹುಲಿ ಏರಿದ ಯೋಗಿಯೇ. ಹದಿನಾಲ್ಕು ನೂರು ವರ್ಷ ಬದುಕಿದವನೆಂದು ಹೆಸರಾದ ಅವನು ಒಮ್ಮೆ ಹುಡುಗ ಜ್ಞಾನೇಶ್ವರನಿಗೆ ಪತ್ರ ಬರೆಯಲು ಕೂತನಂತೆ. ವಯಸ್ಸಿನಲ್ಲಿ ಚಿಕ್ಕವನು, ಆಶೀರ್ವಾದ ಎಂದು ಬರೆಯಬೇಕು. ಜ್ಞಾನದಲ್ಲಿ ದೊಡ್ಡವನು, ನಮಸ್ಕಾರ ಎಂದು ಬರೆಯಬೇಕು. ಯಾವುದನ್ನು ಬರೆಯುವುದೆಂದು ತೋಚದೆ ಖಾಲಿ ಹಾಳೆಯನ್ನೇ ಕಳಿಸಿಬಿಟ್ಟ. ಅದನ್ನು ನೋಡಿದ ತಂಗಿ ಮುಕ್ತಾಬಾಯಿ, ಇಷ್ಟು ವರ್ಷ ತಪಸ್ಸು ಮಾಡಿಯೂ ಇವನು ಈ ಹಾಳೆಯಷ್ಟೇ ಖಾಲಿ ಎಂಬಂತೆ ಆಡಿದಳಂತೆ. ಅಣ್ಣ ನಿವೃತ್ತಿನಾಥ ಮಾತ್ರ ಇದಕ್ಕೆ ಉತ್ತರ ಬರೆ ಎಂದ. ಜ್ಞಾನೇಶ್ವರ ಉತ್ತರ ಬರೆದ, 65 ಓವಿಗಳಲ್ಲಿ. ‘ಚಾಂಗದೇವ ಪಾಸಷ್ಟಿ’ ಎಂದು ಇವತ್ತಿಗೂ ಓದುವ ಕೃತಿ ಅದು.

ಒಂದೇ ಖಾಲಿ ಹಾಳೆಗೆ ಎರಡು ಓದು. ಒಂದು ಓದು ಕಳಿಸಿದವನ ಕೊರತೆಯನ್ನು ಕಂಡಿತು, ಇನ್ನೊಂದು ಓದು ಅದರಲ್ಲಿ ಪ್ರಶ್ನೆಯನ್ನು ಕಂಡು ಉತ್ತರಿಸಿತು. ಯಮನೂರಿನವರು ಸರ್ಕಾರಕ್ಕೆ ಕಳಿಸಿದ್ದು ಖಾಲಿ ಹಾಳೆಯೂ ಅಲ್ಲ. ಬೇಡಿಕೆಯ ಅಂಕಿ ಇತ್ತು, ನಾಲೆಯ ಹೆಸರಿತ್ತು, ಕೆಳಗೆ ಸಹಿ ಇತ್ತು.

2018ರ ಆಗಸ್ಟ್ 14ರಂದು ನ್ಯಾಯಮಂಡಳಿಯ ಅಂತಿಮ ತೀರ್ಪು ಬಂತು. ಕರ್ನಾಟಕಕ್ಕೆ ಒಟ್ಟು 13.42 ಟಿಎಂಸಿ, ಅದರಲ್ಲಿ ಕಳಸಾ, ಬಂಡೂರಿಗಳಿಂದ ಮಲಪ್ರಭೆಗೆ ತಿರುಗಿಸಲು 3.9 ಟಿಎಂಸಿ. 2020ರ ಫೆಬ್ರುವರಿಯಲ್ಲಿ ಅದು ಗೆಜೆಟ್ಟಿನಲ್ಲಿ ಪ್ರಕಟವಾಯಿತು, 2022ರ ಡಿಸೆಂಬರಿನಲ್ಲಿ ಕೇಂದ್ರ ಜಲ ಆಯೋಗ ಯೋಜನಾ ವರದಿಗೆ ಒಪ್ಪಿಗೆ ಕೊಟ್ಟಿತು. ಇನ್ನು ಮುಂದೆ ಈ ಊರಿನ ಬಗ್ಗೆ ಬರೆಯುವ ನನ್ನಂಥವರು ‘ದನಿ ಇಲ್ಲದ ರೈತರು’ ಎಂದು ಬರೆಯುವ ಜಾಗದಲ್ಲಿ, ರೈತರು ಏನು ಕೇಳಿದರು, ಯಾವ ತಾರೀಖಿಗೆ ಕೇಳಿದರು, ಯಾವ ಕಚೇರಿ ಎಷ್ಟು ವರ್ಷ ಉತ್ತರ ಕೊಡಲಿಲ್ಲ ಎಂದು ಬರೆಯಬೇಕು. ವಾಕ್ಯ ಉದ್ದವಾಗುತ್ತದೆ, ಆಗಲಿ. ಪ್ರತಿ ವರ್ಷ ಜುಲೈ 21ರಂದು ನವಲಗುಂದದ ಹುತಾತ್ಮ ರೈತರ ವೀರಗಲ್ಲಿನ ಬಳಿ ಸುತ್ತಲಿನ ಹಳ್ಳಿಗಳ ಜನ ಸೇರುತ್ತಾರೆ, ಮಾಲೆ ಹಾಕುತ್ತಾರೆ, ಭಾಷಣ ಮಾಡುತ್ತಾರೆ, ಮನವಿ ಓದುತ್ತಾರೆ. ಅಲ್ಲಿ ಓದುವ ಮನವಿಯನ್ನು ಪೂರ್ತಿ ಅಚ್ಚು ಹಾಕುವ ಜಾಗ ನಮ್ಮ ಪತ್ರಿಕೆಗಳಲ್ಲಿ ಇದೆ.